ಹದಿನಾರು ಬಣ್ಣ, ಪುಂತಾ ಅರೆನಾಸ್

ಮೊದಲು ಕಪ್ಪನ್ನು ಕೆಡಿಸಿದೆ.
ಕಡುಗಪ್ಪಿನ ಮೇಲೆ ಅಚ್ಚಬಿಳಿಯ ಅಕ್ಷರ
ರೆಪ್ಪೆ ಮುಚ್ಚಿದ ಮೇಲೂ
ಸಾಲುಸಾಲಾಗಿ ಒಳಗೆ ಉರಿಯುತ್ತಿರುತ್ತದೆ.
ಕಪ್ಪಿಗೆ ಒಂದು ತೊಟ್ಟು ನೀಲಿ ಬೆರೆಸಿದೆ,
ಜುಲೈ ತಿಂಗಳ ಜಲಸಂಧಿಯಿಂದ ಮೊಗೆದಂಥದು.
ಬಿಳಿಗೆ ಚಿಟಿಕೆ ಬೂದಿ.

ಕಿಟಕಿಯಾಚೆ ತಗಡಿನ ಮಾಡುಗಳು:
ಒಂದು ಕೆಂಪು, ಒಂದು ಗಿಳಿಹಸಿರು,
ಒಂದಕ್ಕೆ ತುಕ್ಕೇ ಬಣ್ಣ.
ದೋಣಿಗೆ ಬಳಿದು ಮಿಕ್ಕದ್ದನ್ನು ಮನೆಗೆ ಬಳಿದವರು
ಪಕ್ಕದವರನ್ನು ಕೇಳಿ ಬಳಿದದ್ದಲ್ಲ.
ಆದರೂ ಹೊಂದಿಕೊಂಡಿವೆ.
ನನ್ನ ಹದಿನಾರರ ಜಗಳ ಮಾತ್ರ ಬಗೆಹರಿಯದು.

ಹಳದಿಯ ಗಂಟಲು ದೊಡ್ಡದು.
ನೀಲಿಗೆ ಬಡಿಸಿದಷ್ಟನ್ನೇ ಬಡಿಸಿದರೂ
ಇಡೀ ಪರದೆಗೆ ಕೇಳುವಂತೆ ತೇಗುತ್ತದೆ.
ನೀಲಿ, ಪಾಪ, ಅಷ್ಟೇ ಉಂಡೂ ಸೊರಗಿ
ಕತ್ತಲಿಗೆ ಬೆನ್ನು ಆನಿಸಿ ನಿಲ್ಲುತ್ತದೆ;
ಫೋಲ್ಡರಿನ ಹೆಸರು ಓದಲು
ಮೂಗನ್ನು ಗಾಜಿಗೆ ಒತ್ತಬೇಕು.

ಇನ್ನು ಟಿಪ್ಪಣಿಗಳ ಬೂದು.
ಅದು ಪಿಸುಮಾತು. ಕೇಳಬೇಕು,
ಮೇಜು ದಾಟಬಾರದು.
ಯಾರೋ ಯಾವತ್ತೋ ಬರೆದಿಟ್ಟು ಹೋಗಿದ್ದಾರೆ:
‘ಇದನ್ನು ಮುಟ್ಟಬೇಡಿ, ಯಾಕೆ ನಡೆಯುತ್ತದೋ ಗೊತ್ತಿಲ್ಲ.’
ಆ ಸಾಲು ಕಾಣದಷ್ಟು ಮಸುಕಾಗಿಸಿದರೆ
ಮುಟ್ಟಿದವನ ತಪ್ಪಲ್ಲ, ನನ್ನದು.

ಆರು ವಾರ ಅಳೆದೆ.
ಕೊನೆಗೆ ಎಲ್ಲ ಬಣ್ಣಗಳ ನೆತ್ತಿಯೂ
ಒಂದೇ ದಾರಕ್ಕೆ ತಾಗುವಂತೆ ನಿಲ್ಲಿಸಿದೆ.
ಯಾವುದೂ ಮೆರೆಯುವುದಿಲ್ಲ, ಯಾವುದೂ ಮುದುಡುವುದಿಲ್ಲ.
ನ್ಯಾಯ ಅಂದರೆ ಇದೇ ಅಂದುಕೊಂಡು
ರಾತ್ರಿ ಪಾಳಿಯ ಎವರಿಸ್ತೊ ಮಾನ್ಸಿಯನಿಗೆ ತೋರಿಸಿದೆ.

ಬಂದರಿನ ಕಚೇರಿ. ಹನ್ನೊಂದು ಗಂಟೆ.
ಹಡಗುಗಳ ಸುದ್ದಿ ಪರದೆಯ ಮೇಲೆ ಹತ್ತುತ್ತಿದೆ:
ಹಸಿರಿನಲ್ಲಿ ತಲುಪಿತು,
ಕೆಂಪಿನಲ್ಲಿ ತಪ್ಪಿತು.
ಅವನು ಮಾತೆಯ ಬುರುಡೆ ಕೆಳಗಿಟ್ಟು
ಬಹಳ ಹೊತ್ತು ನೋಡಿದ.
‘ಚೆಂದ ಇದೆ ರೊಸಾಲ್ಬ.
ಆದರೆ ಕೆಟ್ಟ ಸುದ್ದಿ ಯಾವುದು?’

ಹತ್ತೊಂಬತ್ತರಲ್ಲಿ ಹಡಗು ಹತ್ತಲು ಹೋಗಿದ್ದನಂತೆ.
ವೈದ್ಯರು ಒಂದು ಪುಟ ತೆರೆದು
ಚುಕ್ಕಿಗಳ ನಡುವೆ ಯಾವ ಅಂಕಿ ಎಂದರು.
‘ಚುಕ್ಕಿ’ ಎಂದ.
ಇನ್ನೊಂದು ಪುಟ. ‘ಇದರಲ್ಲೂ ಚುಕ್ಕಿ.’
ಎಡಬದಿಯ ಕೆಂಪು, ಬಲಬದಿಯ ಹಸಿರು ತಿಳಿಯದವನಿಗೆ
ಸಮುದ್ರ ಕೊಡುವುದು ಹೇಗೆ?
ಅಂದಿನಿಂದ ದಡದ ಮೇಲೆ ಕೂತು
ಬೇರೆಯವರ ಹಡಗು ಎಣಿಸುತ್ತಿದ್ದಾನೆ.

‘ಆ ಹಳೆಯ ಕೆಟ್ಟ ಬಣ್ಣಗಳಲ್ಲಿ
ಒಂದು ಚೂರು ಉಬ್ಬಿತ್ತು, ಒಂದು ಚೂರು ತಗ್ಗಿತ್ತು.
ಆ ತಗ್ಗುದಿಣ್ಣೆ ಹಿಡಿದೇ ನಡೆಯುತ್ತಿದ್ದೆ,’ ಅಂದ,
ದೂರಿನ ದನಿಯಲ್ಲಲ್ಲ.

ಈ ಊರಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ದಾಟಲಿ ಎಂದು.
ಬೀದಿ ಚೊಕ್ಕ ಮಾಡುವ ಹುರುಪಿನಲ್ಲಿ
ನಾನು ಹಗ್ಗವನ್ನೂ ಸುತ್ತಿಟ್ಟುಬಿಟ್ಟಿದ್ದೆ.

ಮನೆಗೆ ಹೋಗಲಿಲ್ಲ.
ಹಸಿರನ್ನು ನೀಲಿಯ ಕಡೆ ಸರಿಸಿ ಮೇಲೆತ್ತಿದೆ,
ಕೆಂಪಿಗೆ ಇಟ್ಟಿಗೆಯ ಕಾವು ಕೊಟ್ಟು ಕೆಳಗಿಳಿಸಿದೆ.
ದಾರ ಸೊಟ್ಟಗಾಯಿತು.
ಎರಡು ಸಲ ತೋರಿಸಿದಾಗ ತಲೆಯಾಡಿಸಿದ, ಇಲ್ಲ ಎಂದು.
ಮೂರನೆಯ ಸಲ ನಾನು ಕೇಳುವ ಮೊದಲೇ
ಬೆರಳು ಚಾಚಿದ: ‘ಅಗೋ, ತಪ್ಪಿತು.’
ಫೋನೆತ್ತಿ ಯಾರದೋ ಹೆಸರು ಕೂಗಿದ,
ನನ್ನನ್ನು ಮರೆತ.

ಎಲ್ಲ ಮುಗಿದ ಮೇಲೆ ಕೇಳಿದ,
‘ನಿನಗಿದು ಯಾವ ಬಣ್ಣ?’
ಸುಟ್ಟ ಇಟ್ಟಿಗೆ ಅಂದೆ. ಅಲ್ಲ, ಮಾಗಿದ... ಅಲ್ಲ,
ಸಂಜೆ ಹೊತ್ತು ಆ ಮೂರನೆಯ ಮಾಡು ಇದೆಯಲ್ಲ...
‘ಹೆಸರು ಇರಲಿ,’ ನಕ್ಕ,
‘ಎತ್ತರ ಎಷ್ಟು ಹೇಳು.’

ನೇರಳೆ ಇನ್ನೂ ಸರಿಯಾಗಿಲ್ಲ.
ಡಿಸೆಂಬರಿನಲ್ಲಿ ರಾತ್ರಿ ಹತ್ತಾದರೂ ಬಿಸಿಲು;
ಆಗ ಬಿಳಿಯ ಹಿನ್ನೆಲೆಗೆ ಇದನ್ನೆಲ್ಲ
ತಲೆಕೆಳಗು ಮಾಡಿ ಮತ್ತೆ ಹೊಲಿಯಬೇಕು.
ಸದ್ಯಕ್ಕೆ ಕಡತ ಉಳಿಸಿ,
ಕೆಂಪಿನ ಸಾಲಿನ ಪಕ್ಕ
ಆ ಪಿಸುಮಾತಿನ ಬೂದಿಯಲ್ಲಿ ಬರೆದೆ:
‘ಇದನ್ನು ಮುಟ್ಟಬೇಡಿ.
ಯಾಕೆ ಅಂತ ಎವರಿಸ್ತೊನನ್ನು ಕೇಳಿ.’